ದಫೇದಾರ್ ಮಾವನ ಸಪ್ಪೆ ಊಟ

ಬೂಟಿನೊಳಗೆ ಕಾಲು ಹೋಗಲಿಲ್ಲ.

ಆಗಸ್ಟ್ ಹದಿನೈದರ ಬೆಳಿಗ್ಗೆ. ಹರಿಹರದ ಶಾಲೆಯಲ್ಲಿ ಬಾವುಟ ಹಾರಿಸುವಾಗ ನಮ್ಮ ಮಾವ ಕಂಬದ ಪಕ್ಕ ನಿಲ್ಲಬೇಕು. ಸ್ವಾತಂತ್ರ್ಯ ಬಂದಾಗಿನಿಂದ ನಡೆದುಬಂದ ಪದ್ಧತಿ ಅದು. ದಾವಣಗೆರೆಯಿಂದ ಬೆಳಗಿನ ರೈಲು ಹಿಡಿದು ಹೋಗುತ್ತಿದ್ದರು. ಮೈಮೇಲೆ ಖಾಕಿ ಕೋಟು, ಎದೆಗೆ ಎರಡು ಪದಕ, ಕಾಲಿಗೆ ನಲವತ್ತು ವರ್ಷಕ್ಕೂ ಹಳೆಯದಾದ ಫೌಜಿನ ಬೂಟು. ಹಿಂದಿನ ದಿನವೇ ಆ ಬೂಟಿಗೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಉಜ್ಜಿ, ಬಾಗಿಲ ಪಕ್ಕ ಜೋಡಿಸಿ ಇಟ್ಟಿದ್ದರು.

"ಪಾರವ್ವ, ಈ ಬೂಟು ಮಳಿಗೆ ಕುಗ್ಗೈತೆ ನೋಡು" ಎಂದರು.

ನಾನು ಬಗ್ಗಿ ನೋಡಿದ್ದು ಬೂಟನ್ನಲ್ಲ, ಕಾಲನ್ನು. ಹೆಬ್ಬೆರಳಿನಿಂದ ಹಿಮ್ಮಡಿಯ ಮೇಲೆ ಒತ್ತಿದೆ. ಗುಳಿ ಬಿತ್ತು. ಬೆರಳು ತೆಗೆದೆ. ಗುಳಿ ಹಾಗೆಯೇ ಇತ್ತು.

ಆ ದಿನ ಅವರು ಚಪ್ಪಲಿಯಲ್ಲೇ ಹೋದರು. ಹೆಡ್‌ಮಾಸ್ತರು ಎಷ್ಟು ಕರೆದರೂ ಕಂಬದ ಹತ್ತಿರ ಬರದೆ ಮಕ್ಕಳ ಹಿಂದೆ ಗೋಡೆಗೆ ಒರಗಿ ನಿಂತಿದ್ದರಂತೆ. ಮನೆಗೆ ಬಂದವರೇ ಬೂಟನ್ನು ಟ್ರಂಕಿನಲ್ಲಿಟ್ಟು ಚಿಲಕ ಹಾಕಿದರು. "ಬೂಟಿಲ್ದೆ ಸಲ್ಯೂಟ್ ಹೊಡೀಬಾರ್ದು" ಎಂದರು.

ಮಾವ ಫೌಜಿನಲ್ಲಿ ದಫೇದಾರರಾಗಿದ್ದವರು. ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು. ಬಂದೂಕು ಹಿಡಿದು ಗುಂಡು ಹಾರಿಸಿದವರಲ್ಲ. ಅದನ್ನು ಅವರೇ ಎಲ್ಲರಿಗೂ ಮೊದಲು ಹೇಳಿಬಿಡುತ್ತಿದ್ದರು. ಅವರದು ಹೇಸರಗತ್ತೆಗಳ ಪಲ್ಟನ್. ಫೌಜಿನ ಮಾತಿನಲ್ಲಿ ಖಚ್ಚರ್. ಬೊಂಬಾಯಿಯಿಂದ ಹಡಗಿನ ಕೆಳಅಂತಸ್ತಿನಲ್ಲಿ ಖಚ್ಚರ್‌ಗಳ ಜೊತೆಯಲ್ಲೇ ಮಲಗಿ ಬಸ್ರಾಕ್ಕೆ ಹೋದರು. ಅಲ್ಲಿ ನಾಲ್ಕು ವರ್ಷ ಕೆಸರಿನಲ್ಲೂ ಮರಳಿನಲ್ಲೂ ಗುಂಡು, ಗೋಧಿ, ನೀರು, ಗಾಯದವರು ಎಲ್ಲವನ್ನೂ ಹೊರಿಸಿಕೊಂಡು ನಡೆದರು. ವಾಪಸು ಬಂದು ಹರಿಹರದಲ್ಲಿ ಹೊಳೆ ಕಾಣುವ ಜಾಗದಲ್ಲಿ ಒಂದು ಮನೆ ಕಟ್ಟಿದರು. ಹೆಂಡತಿ ಬೇಗ ತೀರಿಕೊಂಡರು. ಮಗಳು ರತ್ನಕ್ಕನನ್ನೂ ಮಗನನ್ನೂ ಒಬ್ಬರೇ ಸಾಕಿದರು. ಮನೆಯನ್ನು ಮಗಳಿಗೆ ಕೊಟ್ಟು, ಮಗನಿಗೆ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸವಾದಾಗ ನಮ್ಮ ಜೊತೆ ಬಂದರು.

ನಾನು ಅವರ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನಾರು. ತವರಿನಲ್ಲಿ ಹೇಳಿ ಕಳಿಸಿದ್ದರು: ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣು, ಬಾಯಿ ಬಿಡಬೇಡ. ಮೊದಲ ದಿನ ಅಡುಗೆ ಮುಗಿಸಿ ಗೋಡೆಗಂಟಿ ನಿಂತೆ. ಮಾವ ಒಂದು ತಟ್ಟೆ ತೆಗೆದುಕೊಂಡು, ತಾವೇ ರೊಟ್ಟಿ ಪಲ್ಯ ಬಡಿಸಿ, ನನ್ನ ಮುಂದಿಟ್ಟರು.

"ಕೂಡ್ರವ್ವ. ಹೊರೆ ಹೊರೋ ಪ್ರಾಣಿ ಮೊದ್ಲು ತಿನ್ನಬೇಕು. ಸವಾರ ಆಮ್ಯಾಲೆ. ಅದು ಖಚ್ಚರ್ ಪಲ್ಟನ್ ಕಾಯ್ದೆ."

ನನಗೆ ಅಳು ಬರಬೇಕಿತ್ತು, ನಗು ಬಂತು. "ಹಂಗಾದ್ರೆ ನಾನು ಖಚ್ಚರ್ರೇನ್ರಿ ಮಾವ?" ಎಂದುಬಿಟ್ಟೆ.

"ಪಲ್ಟನ್ನಾಗೆ ಅದ್ಕಿಂತ ದೊಡ್ಡ ರ್‍ಯಾಂಕ್ ಇಲ್ಲವ್ವ" ಎಂದರು.

ಅಂದಿನಿಂದ ಹದಿನೆಂಟು ವರ್ಷ ನಮ್ಮ ಮನೆಯಲ್ಲಿ ಮೊದಲು ಉಂಡವಳು ನಾನು. ನೆರೆಹೊರೆಯವರು ಆಡಿಕೊಂಡರು. ನನಗೆ ಅದರಿಂದ ಕೊಬ್ಬು ಬಂತು ಎಂದೂ ಅಂದರು. ಬಂದಿರಬಹುದು. ನನಗೆ ಹಟ, ಸಿಟ್ಟು, ನಾನು ಮಾಡಿದ್ದೇ ಸರಿ ಎಂಬ ಠೇಂಕಾರ ಎಲ್ಲವೂ ಇದ್ದವು. ಅದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ, ಮುಂದೆ ಹೇಳುವುದಕ್ಕೆ ಅದು ಬೇಕು.

ಆಸ್ಪತ್ರೆಯ ಡಾಕ್ಟರು ಮೈಸೂರು ಕಡೆಯವರು, ಇನ್ನೂ ಸಣ್ಣ ವಯಸ್ಸು. ಸ್ಟೆತಾಸ್ಕೋಪ್ ಎದೆಗಿಟ್ಟರು, ಬೆನ್ನಿಗಿಟ್ಟರು, ಬಹಳ ಹೊತ್ತು ಕೇಳಿಸಿಕೊಂಡರು. ಬ್ಲಡ್ ಪ್ರೆಶರ್ ನೋಡಿದರು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದರು.

"ಹಾರ್ಟ್ ವೀಕ್ ಆಗಿದೆಯಮ್ಮ. ಪಂಪ್ ಸರಿಯಾಗಿ ಹೊಡೀತಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಲ್ತಾ ಇದೆ. ಮಾತ್ರೆ ಕೊಡ್ತೀನಿ, ವಾರಕ್ಕೊಂದು ಇಂಜೆಕ್ಷನ್. ಆದರೆ ಮುಖ್ಯ ಔಷಧ ನಿಮ್ಮ ಕೈಯಲ್ಲಿದೆ. ಇವತ್ತಿನಿಂದ ಉಪ್ಪು ಬಂದ್. ಉಪ್ಪು ಇದ್ದ ಕಡೆ ನೀರು ಇರುತ್ತೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಯಾವುದೂ ಕೂಡದು. ಸಂಜೆ ಮೇಲೆ ಹಗುರವಾಗಿ ಏನಾದರೂ ಕೊಡಿ."

ಮುಖ್ಯ ಔಷಧ ನನ್ನ ಕೈಯಲ್ಲಿ. ಆ ಮಾತು ನನ್ನ ತಲೆಗೆ ಏರಿತು.

ಮನೆಗೆ ಬಂದವಳೇ ಉಪ್ಪಿನ ಗಡಿಗೆಯನ್ನು ಅಟ್ಟಕ್ಕೆ ಹತ್ತಿಸಿದೆ. ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಗೆ ಕೊಟ್ಟೆ. ಎಲ್ಲರಿಗೂ ಸಪ್ಪೆ ಅಡುಗೆ ಮಾಡಿ, ನಮಗೂ ಮಕ್ಕಳಿಗೂ ಬೇಕಾದಷ್ಟು ಉಪ್ಪನ್ನು ಆಮೇಲೆ ಬೇರೆ ಪಾತ್ರೆಯಲ್ಲಿ ಕಲಸಿಕೊಳ್ಳುತ್ತಿದ್ದೆ. ಸಪ್ಪೆ ಸಾರು, ಸಪ್ಪೆ ಅನ್ನ, ಸಪ್ಪೆ ಮಜ್ಜಿಗೆ. ಆ ಸಾರಿನ ವಾಸನೆಯೇ ಬೇರೆ. ಮಾವ ಒಂದು ತುತ್ತನ್ನು ಬಾಯಲ್ಲಿ ಎಷ್ಟೋ ಹೊತ್ತು ಇಟ್ಟುಕೊಂಡು, ನೀರು ಕುಡಿದು ನುಂಗುತ್ತಿದ್ದರು. ಒಂದು ದಿನವೂ ತಟ್ಟೆ ದೂಡಲಿಲ್ಲ. ಒಂದು ಸಲ ಮಾತ್ರ ಹೇಳಿದರು.

"ಖಚ್ಚರ್‌ಗೆ ಕಲ್ಲುಪ್ಪು ಕೊಡ್ತಿದ್ವಿ ಪಾರವ್ವ, ದಿನಾ ನೆಕ್ಕಾಕೆ. ಮರಳುಗಾಡಾಗೆ ಉಪ್ಪು ಸಿಗದಿದ್ರೆ ಖಚ್ಚರ್ ಮಲಗಿಬಿಡೋದು. ಎಬ್ಬಿಸಿದ್ರೆ ಏಳ್ತಿದ್ದಿಲ್ಲ."

"ನೀವು ಖಚ್ಚರ್ ಅಲ್ಲಲ್ರಿ" ಎಂದೆ.

"ಅಷ್ಟು ದೊಡ್ಡ ರ್‍ಯಾಂಕ್ ನಂಗೆಲ್ಲಿ" ಎಂದು ನಕ್ಕರು.

ಕುಡಿದ ನೀರು, ಹೊರಗೆ ಹೋದ ನೀರು, ತಿಂದ ಆಹಾರ ಎಲ್ಲವನ್ನೂ ದಿನವೂ ಬರೆದಿಡಬೇಕೆಂದು ಡಾಕ್ಟರು ಹೇಳಿದ್ದರು. ಔನ್ಸ್ ಗುರುತಿನ ಬಾಟಲಿ ಕೊಟ್ಟಿದ್ದರು. ಆ ಕೆಲಸವನ್ನು ಮಾವ ತಾವೇ ವಹಿಸಿಕೊಂಡರು. ಮಗನ ಕೈಯಲ್ಲಿ ಒಂದು ನೋಟ್‌ಬುಕ್ ತರಿಸಿ, ಸ್ಕೇಲಿಟ್ಟು ಗೆರೆ ಎಳೆದರು. ಫೌಜಿನಲ್ಲಿ ಖಚ್ಚರ್‌ಗಳ ರಿಪೋರ್ಟ್ ಬರೆದ ಕೈ. "ಬೆಳಿಗ್ಗೆ ಗಂಜಿ, ಸಪ್ಪೆ. ಮಧ್ಯಾಹ್ನ ಅನ್ನ, ಸಪ್ಪೆ. ಸಾರು, ಸಪ್ಪೆ." ಅಕ್ಷರ ಮುತ್ತಿನಂತೆ. ರಿಪೋರ್ಟಿನಲ್ಲಿ ಸುಳ್ಳು ಬರೆದವನನ್ನು ಕಂಬಕ್ಕೆ ಕಟ್ಟುತ್ತಿದ್ದರಂತೆ. ಅದನ್ನು ಮಕ್ಕಳಿಗೆ ಹೇಳಿ ಹೆದರಿಸುತ್ತಿದ್ದರು. ವಾರಕ್ಕೊಮ್ಮೆ ಡಾಕ್ಟರು ಅದನ್ನು ಓದಿ, "ಇಂಥ ಪೇಷಂಟ್ ಸಿಕ್ಕಿದ್ದು ನನ್ನ ಪುಣ್ಯ" ಎನ್ನುತ್ತಿದ್ದರು.

ಇನ್ನು ಸಂಜೆಯ ಹಗುರ ಆಹಾರ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಲ್ಲಿ ಜ್ವರ ಬಂದವರಿಗೆ ಮಂಡಕ್ಕಿ, ಬಾಣಂತಿಯನ್ನು ನೋಡಲು ಹೋಗುವಾಗ ಮಂಡಕ್ಕಿ, ಹೊಟ್ಟೆ ಕೆಟ್ಟರೆ ಮಂಡಕ್ಕಿ. ಒಂದು ಸೇರು ತಿಂದರೂ ಹೊಟ್ಟೆಗೆ ಭಾರವಿಲ್ಲ. ನಾವು ತಿನ್ನುವಾಗ ಈರುಳ್ಳಿ, ಖಾರ, ಎಣ್ಣೆ, ಉಪ್ಪು ಎಲ್ಲ ಕಲಸುತ್ತೇವೆ. ಮಾವನಿಗೆ ಏನೂ ಕಲಸದೆ ಬರಿಯ ಮಂಡಕ್ಕಿ ಕೊಟ್ಟೆ. ಮೊದಲ ದಿನ ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಬಟ್ಟಲು ಖಾಲಿ ಮಾಡಿದರು.

"ಇದು ಚಲೋ ಐತೆ. ಇದನ್ನ ದಿನಾ ಕೊಡವ್ವ" ಎಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷ ನೆನೆದರೆ ಈಗ ಮೈ ಉರಿಯುತ್ತದೆ.

ಮಂಡಕ್ಕಿ ಬರುತ್ತಿದ್ದುದು ಖಾದರ್ ಸಾಬರ ಭಟ್ಟಿಯಿಂದ. ಅವರೂ ಮಾವನೂ ಒಂದೇ ಪಲ್ಟನ್ನಿನವರು, ಬಸ್ರಾದಲ್ಲಿ ಒಂದೇ ಡೇರೆ. ಆ ವರ್ಷ ಸಾಬರ ಕಣ್ಣಿಗೆ ಪೊರೆ ಬಂದು ಮನೆಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಮ್ಮ ಯಜಮಾನರು ಮಿಲ್ಲಿನಿಂದ ಬರುವಾಗ ಭಟ್ಟಿಗೆ ಹೋಗಿ ಬಿಸಿ ಮಂಡಕ್ಕಿ ತರುತ್ತಿದ್ದರು. ಮಾವ ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು: "ಖಾದರ್‌ಗೆ ಮೊಣಕಾಲು ನೋವು ಅಂತ ಹೇಳು. ಎದಿ ಅಂದ್ರೆ ಅಳ್ತಾನೆ. ಖಚ್ಚರ್ ಸತ್ರೂ ಅಳ್ತಿದ್ದೋನು ಅವ." ನಾವೂ ಹಾಗೆಯೇ ಹೇಳುತ್ತ ಬಂದೆವು.

ಬಾವು ಇಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಪಾದದಲ್ಲಿದ್ದದ್ದು ದಸರೆ ಹೊತ್ತಿಗೆ ಮೊಣಕಾಲಿಗೆ ಬಂತು. ದೀಪಾವಳಿಗೆ ತೊಡೆ. ಇಂಜೆಕ್ಷನ್ ಕೊಟ್ಟ ದಿನ ಬಾಟಲಿಗಟ್ಟಲೆ ನೀರು ಹೋಗಿ ಹಗುರಾಗುತ್ತಿದ್ದರು; ಮೂರು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದೆವು. ಕೂತಲ್ಲೇ ನಿದ್ದೆ, ಕೂತಲ್ಲೇ ಊಟ. ಕಾಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು. ಒಂದು ದಿನ ಅದು ಸೀಳಿ, ಬರಿಯ ನೀರು ಜಿನುಗಿತು.

ಅದೇ ದಿನಗಳಲ್ಲಿ ಉತ್ತರದ ಗಡಿಯಲ್ಲಿ ಚೀನಾದವರೊಡನೆ ಯುದ್ಧ ನಡೆಯುತ್ತಿತ್ತು. ಎದುರು ಮನೆಯ ರೇಡಿಯೋವನ್ನು ಜೋರಾಗಿ ಇಡಲು ಹೇಳಿ ಬಾಗಿಲಲ್ಲಿ ಕೂತು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಫೌಜಿನ ಕಚೇರಿಗೆ ನನ್ನ ಕೈಯಲ್ಲಿ ಪೋಸ್ಟ್‌ಕಾರ್ಡ್ ಬರೆಸಿದರು. "ಆ ಗುಡ್ಡಗಾಡಿಗೆ ಲಾರಿ ಹೋಗಲ್ಲ, ಹೇಸರಗತ್ತೆಯೇ ಬೇಕು. ನನ್ನ ವಯಸ್ಸು ಎಪ್ಪತ್ತಮೂರು. ಓಡಲಾರೆ. ಕೂತಲ್ಲಿಂದ ಹುಡುಗರಿಗೆ ಹೊರೆ ಕಟ್ಟುವುದನ್ನು ಕಲಿಸಬಲ್ಲೆ." ಅವರು ಸಮಾಧಾನವಾಗಿ, ಒಂದೊಂದು ಪದ ಬಿಡಿಬಿಡಿಯಾಗಿ ಹೇಳುತ್ತಿದ್ದರು. ಉತ್ತರವೇನೂ ಬರಲಿಲ್ಲ.

ಡಾಕ್ಟರು ಪ್ರತಿ ವಾರ ನೋಟ್‌ಬುಕ್ ನೋಡಿ, ಕಾಲು ನೋಡಿ, ನನ್ನನ್ನು ನೋಡುತ್ತಿದ್ದರು.

"ಉಪ್ಪು?"

"ಒಂದು ಹರಳೂ ಇಲ್ರಿ ಡಾಕ್ಟ್ರೇ."

"ಎಲ್ಲಿಂದಲಾದರೂ...?"

"ನಾನಿರೋ ತನಕ ಇಲ್ರಿ."

ಆದರೆ ಆ ಪ್ರಶ್ನೆ ನನ್ನೊಳಗೆ ಹೊಕ್ಕಿತು. ಯಾರೋ ಕೊಡುತ್ತಿದ್ದಾರೆ. ಯಾರು? ಗಂಡನ ಮೇಲೆ ಅನುಮಾನಪಟ್ಟೆ. ಅವರ ಜೇಬು ಹುಡುಕಿದೆ. ಮಕ್ಕಳನ್ನು ಗದರಿಸಿದೆ. ಕೊನೆಗೆ ನನ್ನ ಅನುಮಾನಕ್ಕೆ ಸಿಕ್ಕವರು ರತ್ನಕ್ಕ. ಪ್ರತಿ ಭಾನುವಾರ ಹರಿಹರದಿಂದ ಬರುವಾಗ ಅಪ್ಪನಿಗೆಂದು ಸಪ್ಪೆ ರೊಟ್ಟಿ ಮಾಡಿ ತರುತ್ತಿದ್ದರು. ಒಂದು ಭಾನುವಾರ ಆ ರೊಟ್ಟಿಯನ್ನು ಅವರ ಎದುರಿಗೇ ಮುರಿದು, ನಾಲಿಗೆಗೆ ಇಟ್ಟು ನೋಡಿದೆ. ಉಪ್ಪಿರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾರ, ಈ ವಾರ ಇಲ್ಲ ಸರಿ. ಹೋದ ವಾರದ್ದು ನಂಗೇನು ಗೊತ್ತು?"

ರತ್ನಕ್ಕ ಬುತ್ತಿಯ ಬಟ್ಟೆ ಮಡಿಚಿಕೊಂಡು ಹೋದರು. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮಾವ ಅದನ್ನೆಲ್ಲ ಕೂತಲ್ಲಿಂದ ನೋಡಿದರು. ಅಂದು ಸಂಜೆ ಮಂಡಕ್ಕಿಯ ಬಟ್ಟಲು ಮುಟ್ಟಲಿಲ್ಲ. ಮಗಳಿಗಾದ ನೋವಿಗೆ ಎಂದುಕೊಂಡೆ. ಮರುದಿನ ಮತ್ತೆ ತಿಂದರು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಖಾದರ್ ಸಾಬರು ಬಂದರು. ಕಣ್ಣಿನ ಆಪರೇಷನ್ ಆಗಿ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಗೆಳೆಯನನ್ನು ನೋಡಲೆಂದೇ ಮೊದಲ ಸಲ ಹೊರಗೆ ಹೊರಟಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಇನ್ನೂ ಬಿಸಿಯಾಗಿದ್ದ ಮಂಡಕ್ಕಿ. ಮಾವನನ್ನು ಇಂಜೆಕ್ಷನ್ನಿಗೆಂದು ಯಜಮಾನರು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

"ದಫೇದಾರ್ ಸಾಬ್ರ ಮೊಣಕಾಲು ಹೆಂಗೈತೆ ಬೇಟಿ?"

ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. "ಮೊಣಕಾಲಲ್ರಿ ಚಾಚಾ, ಎದೆ. ನೀವು ಅಳ್ತೀರಂತ ಮುಚ್ಚಿಟ್ವಿ. ಮೈಯೆಲ್ಲ ನೀರು ತುಂಬ್ಯೈತೆ. ನಾಲ್ಕು ತಿಂಗಳಾತು, ಒಂದು ಹರಳು ಉಪ್ಪು ಅವ್ರ ಬಾಯಿಗೆ ಬಿದ್ದಿಲ್ಲ. ಆದ್ರೂ ಇಳೀವಲ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ತಾವು ತಂದಿದ್ದ ಚೀಲವನ್ನು ನೋಡಿದರು.

"ಉಪ್ಪು ಬಂದ್ ಮಾಡ್ಯಾರೇನು? ಪೂರ್ತಿ?"

"ಪೂರ್ತಿ ರಿ."

"ಮತ್ತೆ ದಿನಾ ಒಯ್ಯೋ ಮಂಡಕ್ಕಿ ಯಾರು ತಿಂತಾರೆ?"

"ಮಾವಾರೇ ತಿಂತಾರೆ. ಅದೊಂದೇ ಅವ್ರಿಗೆ ರುಚಿ. ಅದ್ರಾಗೇನೈತ್ರಿ, ಬರೀ ಗಾಳಿ."

ಖಾದರ್ ಸಾಬರು ನಿಂತಿದ್ದವರು ಕಟ್ಟೆಯ ಮೇಲೆ ಕೂತರು.

"ಬೇಟಿ, ಉಪ್ಪಿಲ್ದೆ ಮಂಡಕ್ಕಿ ಅರಳಲ್ಲ."

ಆಮೇಲೆ ಅವರು ಬಿಡಿಸಿ ಹೇಳಿದರು. ಭತ್ತ ನೆನೆಹಾಕಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಗಟ್ಟಿಯಾದ ಉಪ್ಪುನೀರು ಕಲಸುತ್ತಾರೆ. ಅದು ಹೀರಿಕೊಂಡ ಮೇಲೆ ಹುರಿದು, ಕಾದ ಹೊಳೆಮರಳಿಗೆ ಹಾಕಿದರೆ ಒಂದೇ ಸಲಕ್ಕೆ ಅರಳುತ್ತದೆ. ಉಪ್ಪು ಕಡಿಮೆಯಾದರೆ ಕಾಳು ಮುದುಡಿ ಗಟ್ಟಿಯಾಗುತ್ತದೆ. ನಾನು ಹುಟ್ಟಿದ್ದು ದಾವಣಗೆರೆಯ ಅಂಚಿನ ಆವರಗೆರೆಯಲ್ಲಿ. ಬೆಳೆದದ್ದು ಮಂಡಕ್ಕಿ ತಿಂದು. ಭಟ್ಟಿಯ ಹೊಗೆ ನೋಡುತ್ತಲೇ ಶಾಲೆಗೆ ಹೋದವಳು. ಒಂದು ದಿನವೂ ಒಳಗೆ ಹೋಗಿ ನೋಡಲಿಲ್ಲ. ಖಾರ ಉಪ್ಪು ಕಲಸಿಯೇ ತಿಂದ ನನ್ನ ನಾಲಿಗೆಗೆ ಬರಿಯ ಮಂಡಕ್ಕಿ ಯಾವಾಗಲೂ ಸಪ್ಪೆ.

ಖಾದರ್ ಸಾಬರು ಅತ್ತರು. ನಾನು ಅಳಲಿಲ್ಲ. ಚೀಲವನ್ನು ಅವರ ಕೈಗೆ ವಾಪಸು ಕೊಟ್ಟೆ. ಒಳಗೆ ಹೋಗಿ ಮಂಡಕ್ಕಿಯ ಡಬ್ಬಿ ತೆಗೆದುಕೊಂಡು ಹಿತ್ತಲಿನಲ್ಲಿ ಸುರಿದೆ. ಕಾಗೆಗಳು ಬಂದವು.

ಗಂಡನಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಹೊಸ್ತಿಲ ಮೇಲೆ ಕೂತು, "ತಂದೋನು ನಾನು" ಎಂದರು. ಮಾವನಿಗೆ ಹೇಳುವುದು ಬೇಡವೆಂದು ತೀರ್ಮಾನಿಸಿದೆವು.

ನಾನು ಹೇಳಿದ್ದನ್ನು ಕೇಳಿ ಡಾಕ್ಟರು ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಪ್ರತಿ ದಿನದ ಕೊನೆಯಲ್ಲೂ ಮಂಡಕ್ಕಿ ಇತ್ತು. ಅವರ ಮುಖ ಕೆಂಪಾಯಿತು.

"ನನಗೂ ಹೊಳೀಲಿಲ್ಲ ಕಣಮ್ಮ. ಪ್ರತಿ ವಾರ ಓದಿದ್ದೀನಿ."

"ಇದ್ರಿಂದ್ಲೇ ಹಿಂಗಾತೇನ್ರಿ?"

"ಇದರಿಂದಲೇ ಅಂತ ಹೇಳೋಕಾಗಲ್ಲ. ಹಾರ್ಟ್ ಮೊದಲೇ ಸೋತಿತ್ತು." ನೋಟ್‌ಬುಕ್ ಮುಚ್ಚಿ, "ಇದರಿಂದ ಅಲ್ಲ ಅಂತಲೂ ಹೇಳೋಕಾಗಲ್ಲ" ಎಂದರು. ಪ್ರಾಮಾಣಿಕ ಮನುಷ್ಯ. ಅವರು ಸುಳ್ಳು ಹೇಳಿದ್ದರೆ ನಾನು ನಂಬುತ್ತಿದ್ದೆ.

ಭಟ್ಟಿ ರಿಪೇರಿಗೆ ನಿಂತಿದೆ ಎಂದು ಮಾವನಿಗೆ ಹೇಳಿದೆ. ಅವರು ನನ್ನ ಮುಖವನ್ನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಹೌದಾ" ಎಂದರು. ಪೆನ್ಸಿಲ್ ತೆಗೆದುಕೊಂಡು ಏನೋ ಬರೆದರು.

ಹತ್ತೇ ದಿನಕ್ಕೆ ಬಾವು ಇಳಿಯತೊಡಗಿತು. ಮೊದಲು ತೊಡೆ, ಆಮೇಲೆ ಮೊಣಕಾಲು. ನಾಲ್ಕು ತಿಂಗಳಿಂದ ಯಾವುದಕ್ಕಾಗಿ ಹರಕೆ ಹೊತ್ತಿದ್ದೆನೋ ಅದು ಕಣ್ಣೆದುರು ಆಗುತ್ತಿತ್ತು, ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಇಳಿಯುವ ಒಂದೊಂದು ಬೆರಳಿನಷ್ಟು ಬಾವೂ ನನ್ನ ತಪ್ಪಿಗೆ ಸಾಕ್ಷಿಯಾಗಿತ್ತು. ನೀರು ಇಳಿದ ಮೇಲೆ ಒಳಗೆ ಮನುಷ್ಯನೇ ಉಳಿದಿರಲಿಲ್ಲ. ಎಲುಬು, ಅದರ ಮೇಲೆ ಜೋಲುವ ಚರ್ಮ. ಊಟ ಬಿಟ್ಟುಬಿಟ್ಟರು. ಹಟಕ್ಕಲ್ಲ, ಬಾಯಿಗಿಟ್ಟ ತುತ್ತು ಒಳಗೆ ಹೋಗುತ್ತಿರಲಿಲ್ಲ. ಉಪ್ಪು ಸಿಗದ ಖಚ್ಚರ್‌ನ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಕೇಳಿದರು. "ಹರಿಹರಕ್ಕೆ ಕರ್ಕೊಂಡು ಹೋಗ್ರಿ. ಹೊಳಿ ನೋಡಬೇಕು."

ಡಾಕ್ಟರು ಬೇಡವೆನ್ನಲಿಲ್ಲ. ಆಗಲೇ ಅರ್ಥವಾಯಿತು.

ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆವು. ರತ್ನಕ್ಕ ಬಾಗಿಲಲ್ಲಿ ನಿಂತಿದ್ದರು. ನಾನು ಕಾರಿನಿಂದ ಇಳಿದವಳೇ ಅವರ ಕಾಲು ಹಿಡಿದೆ. ಮಂಡಕ್ಕಿಯ ವಿಷಯ ಅಲ್ಲಿಯೇ, ಅಂಗಳದಲ್ಲೇ ಹೇಳಿದೆ. "ನಿಮ್ಮ ರೊಟ್ಟಿ ಮುರಿದು ನೋಡಿದ ಕೈಯಿಂದ್ಲೇ ದಿನಾ ಉಪ್ಪು ತಿನ್ನಿಸ್ದೆ ಅಕ್ಕಾರ" ಎಂದೆ. ಅವರು ನನ್ನನ್ನು ಎಬ್ಬಿಸಲಿಲ್ಲ. ಬೈಯಲೂ ಇಲ್ಲ. ಒಳಗೆ ಹೋಗಿ ಅಪ್ಪನ ಹಾಸಿಗೆ ಹಾಸಿದರು.

ಪಡಸಾಲೆಯ ಕಿಟಕಿಯಿಂದ ತುಂಗಭದ್ರೆ ಕಾಣುತ್ತಿತ್ತು. ನೀರು ಕಡಿಮೆಯಾಗಿ ಮರಳು ಎದ್ದಿತ್ತು. ಎರಡನೆಯ ದಿನ ಸಂಜೆ ನಾನೊಬ್ಬಳೇ ಅವರ ಪಕ್ಕದಲ್ಲಿದ್ದೆ.

"ಪಾರವ್ವ, ಒಂದು ಹಿಡಿ ಮಂಡಕ್ಕಿ ಕೊಡ್ತೀಯೇನು?"

ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಭಟ್ಟಿ ರಿಪೇರಿಗೆ ನಿಂತಿಲ್ಲ, ಮಂಡಕ್ಕಿಯಲ್ಲಿ ಉಪ್ಪಿತ್ತು, ನಾಲ್ಕು ತಿಂಗಳು ನಾನೇ ನನ್ನ ಕೈಯಾರೆ ಕೊಟ್ಟೆ. ಹೇಳುವಷ್ಟು ಹೊತ್ತೂ ಅವರು ಹೊಳೆಯ ಕಡೆ ನೋಡುತ್ತಿದ್ದರು.

"ಗೊತ್ತಿತ್ತವ್ವ" ಎಂದರು. "ಮೊದಲ್ನೇ ದಿನವೇ ಗೊತ್ತಾತು. ಅದ್ಕೇ ದಿನಾ ಬೇಕಂದೆ. ಖಾದರ್‌ಗೆ ಹೇಳಬ್ಯಾಡ್ರಿ ಅಂದಿದ್ದೂ ಅದ್ಕೇ. ಹೇಳಿದ್ರೆ ಅವ ಬಾಯಿ ಬಿಡ್ತಿದ್ದ. ನಿಂದೇನೂ ತಪ್ಪಿಲ್ಲ. ಈಗ ಒಂದು ಹಿಡಿ ಕೊಡು."

ನಾನು ನಂಬಲಿಲ್ಲ. ಸೊಸೆಯ ಎದೆ ಹಗುರ ಮಾಡಲು ಮುದುಕರು ಕಟ್ಟಿದ ಮಾತು ಎಂದುಕೊಂಡೆ. ಹದಿನೆಂಟು ವರ್ಷ ಅವರನ್ನು ಬಲ್ಲೆ. ಬೇರೆಯವರ ತಪ್ಪನ್ನು ತಮ್ಮ ತಲೆಗೆ ಎಳೆದುಕೊಳ್ಳುವುದು ಅವರಿಗೆ ಹೊಸದಲ್ಲ. ರತ್ನಕ್ಕನ ಅಡುಗೆಮನೆಯ ಡಬ್ಬಿಯಲ್ಲಿ ಮಂಡಕ್ಕಿ ಇತ್ತು. ಹತ್ತು ಹೆಜ್ಜೆ.

"ಬ್ಯಾಡ್ರಿ ಮಾವ. ನನ್ನ ಕೈಲಿ ಇನ್ನೊಂದ್ಸಲ ಆ ಕೆಲ್ಸ ಮಾಡಿಸಬ್ಯಾಡ್ರಿ."

ಅವರು ನನ್ನ ಕಡೆ ತಿರುಗಿದರು. ಎತ್ತಲಾರದ ಕೈಯನ್ನು ಹಣೆಯ ಹತ್ತಿರ ತಂದು, "ಶಾಬಾಷ್" ಎಂದರು. ಮತ್ತೆ ಕೇಳಲಿಲ್ಲ.

ಮರುದಿನವಿಡೀ ಹೊಳೆಯ ಕಡೆಗೇ ನೋಡುತ್ತಿದ್ದರು. ಅದರ ಮರುದಿನ ಬೆಳಿಗ್ಗೆ ಕ್ಷೌರಕ್ಕೆಂದು ಕನ್ನಡಿ ಕೇಳಿದರು. ಕನ್ನಡಿ ತಂದೆ. ಅಷ್ಟರಲ್ಲಿ ಅವರಿರಲಿಲ್ಲ.

ಖಾಕಿ ಕೋಟು ತೊಡಿಸಿದರು. ಯಜಮಾನರು ಟ್ರಂಕಿನಿಂದ ತಂದಿದ್ದ ಬೂಟನ್ನು ಕಾಲಿಗೆ ಹಾಕಿದರು.

ಸಲೀಸಾಗಿ ಹೋಯಿತು.

ಆ ಶಬ್ದ, ಒಣಗಿದ ಚರ್ಮದೊಳಗೆ ಹಿಮ್ಮಡಿ ಜಾರಿ ಕೂತ ಶಬ್ದ, ನನಗೆ ಇವತ್ತಿಗೂ ಕೇಳಿಸುತ್ತದೆ. ಖಾದರ್ ಸಾಬರು ಮಣ್ಣು ಹಾಕಿ, ನಿಂತು ಸಲ್ಯೂಟ್ ಹೊಡೆದರು.

ಆ ದಿನದಿಂದ ನಾನು ಉಪ್ಪು ಬಿಟ್ಟೆ. ಯಾರೂ ಹೇಳಿದ್ದಲ್ಲ. ಸಪ್ಪೆ ಅನ್ನ ಬಾಯಲ್ಲಿಟ್ಟುಕೊಂಡಾಗ ಅವರು ಅದನ್ನು ಹೇಗೆ ನುಂಗುತ್ತಿದ್ದರು ಎಂದು ತಿಳಿಯಿತು. ನಾಲಿಗೆ ಸುಣ್ಣದ ಗೋಡೆಯಂತಾಗುತ್ತದೆ. ಒಳ್ಳೆಯದೇ ಆಯಿತು ಎಂದುಕೊಂಡೆ.

ಹನ್ನೊಂದನೆಯ ದಿನ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಯಾರೂ ಮುಟ್ಟುವ ಮೊದಲು ಅವರ ಮುಂದಿಡಬೇಕು. ಖಾದರ್ ಸಾಬರು ಒಂದು ಚೀಲ ಮಂಡಕ್ಕಿ ತಂದಿದ್ದರು. ಒಳಗೆ ಕೊಡುವುದೋ ಬೇಡವೋ ಎಂದು ಅಂಗಳದಲ್ಲೇ ನಿಂತಿದ್ದರು. ನಾನೇ ಹೋಗಿ ತೆಗೆದುಕೊಂಡೆ. ಎಡೆಯ ಮುಂದೆ ಕೂತು ಬಟ್ಟಲಿಗೆ ಸುರಿಯುವಾಗ ಹದಿನೆಂಟು ವರ್ಷದ ಅಭ್ಯಾಸ ಕೈಗೆ ಬಂತೋ ಏನೋ, ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ.

"ಪಾರ್ವತಿ! ಎಡಿಗೆ ಇಡೋ ಮೊದ್ಲೇ?" ಎಂದು ರತ್ನಕ್ಕ ಕೂಗಿದರು.

ಅಗಿಯುವ ಮೊದಲೇ, ಮಂಡಕ್ಕಿ ನಾಲಿಗೆಗೆ ಸೋಕಿದ ಕ್ಷಣವೇ, ಉಪ್ಪು. ಬಾಯಿ ತುಂಬ ಉಪ್ಪು. ಹನ್ನೊಂದು ದಿನ ಉಪ್ಪಿಲ್ಲದ ನಾಲಿಗೆಗೆ ಅದು ಮುಚ್ಚಿಡಲಾಗದಷ್ಟು ಇತ್ತು. ಯಾರಿಗಾದರೂ ಗೊತ್ತಾಗುತ್ತದೆ. ಮಗುವಿಗೂ ಗೊತ್ತಾಗುತ್ತದೆ.

ಗೊತ್ತಿತ್ತು ಎಂದ ಮಾವ ಸುಳ್ಳು ಹೇಳಿರಲಿಲ್ಲ.

ಎದ್ದು ಹೋಗಿ ಅವರ ದಿಂಬಿನ ಕೆಳಗೆ ಉಳಿದಿದ್ದ ನೋಟ್‌ಬುಕ್ ತಂದೆ. ಎಲ್ಲರೂ ನೋಡುತ್ತಿರುವಂತೆಯೇ ಎಡೆಯ ಮುಂದೆ ಕೂತು ಹಾಳೆ ತಿರುವಿದೆ. ಗಂಜಿ, ಸಪ್ಪೆ. ಅನ್ನ, ಸಪ್ಪೆ. ಸಾರು, ಸಪ್ಪೆ. ಮಜ್ಜಿಗೆ, ಸಪ್ಪೆ. ರೊಟ್ಟಿ, ಸಪ್ಪೆ. ಸಂಜೆ ಮಂಡಕ್ಕಿ.

ಮಂಡಕ್ಕಿಯ ಮುಂದೆ ಆ ಪದ ಇರಲಿಲ್ಲ. ಮೊದಲ ದಿನವೂ ಇಲ್ಲ, ನಾಲ್ಕು ತಿಂಗಳ ಯಾವ ದಿನವೂ ಇಲ್ಲ. ಡಾಕ್ಟರು ಪ್ರತಿ ವಾರ ಓದಿದ್ದರು. ನಾನೂ ಓದಿದ್ದೆ. ರಿಪೋರ್ಟಿನಲ್ಲಿ ಸುಳ್ಳು ಬರೆಯದ ಮನುಷ್ಯ, ನಮ್ಮ ಕಣ್ಣಿನ ಕೆಳಗೇ ತಮ್ಮ ಕಳ್ಳತನವನ್ನು ಬರೆದಿಟ್ಟಿದ್ದರು. "ಕಳ್ಳರು ನೀವು ಮಾವ" ಎಂದೆ, ಗಟ್ಟಿಯಾಗಿಯೇ. ಅಲ್ಲಿಗೆ ನನಗೆ ಅಳು ಬಂತು. ಆಗ ರತ್ನಕ್ಕ ಬಂದು ಪಕ್ಕದಲ್ಲಿ ಕೂತರು.

ಕೊನೆಯ ಹಾಳೆಯನ್ನು ಓದಿದ್ದು ಅವರೇ. ನನಗೆ ಅಕ್ಷರ ಕಾಣುತ್ತಿರಲಿಲ್ಲ. ಹರಿಹರಕ್ಕೆ ಬಂದ ಎರಡನೆಯ ದಿನದ್ದು, ಗೆರೆ ಬಿಟ್ಟು ಓಡಿದ ಪೆನ್ಸಿಲ್ ಬರಹ. "ಗಂಜಿ ಎರಡು ಚಮಚ, ಸಪ್ಪೆ. ಸಂಜೆ ಮಂಡಕ್ಕಿ ಕೇಳಿದೆ. ಪಾರವ್ವ ಕೊಡಲಿಲ್ಲ. ಹುಕುಂ ಪ್ರಕಾರ ಸರಿ."

ಒಂದು ಹಿಡಿ ಕೊಡಬಹುದಿತ್ತು. ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ; ಎರಡು ದಿನ ಉಳಿದಿದ್ದ ಮನುಷ್ಯನಿಗೆ ಒಂದು ಹಿಡಿ ಉಪ್ಪು ಏನು ಮಾಡುತ್ತಿತ್ತು. ನಾಲ್ಕು ತಿಂಗಳ ತಪ್ಪಿನಿಂದ ಅವರು ನನ್ನನ್ನು ಬಿಡಿಸಿದರು. ಆ ಒಂದು ಸಂಜೆಯದನ್ನೂ ಸರಿ ಎಂದು ಬರೆದಿಟ್ಟು ಹೋದರು. ಅವರ ರಿಪೋರ್ಟ್ ಒಪ್ಪಿಕೊಳ್ಳಬೇಕೆಂದು ದಿನವೂ ಹೇಳಿಕೊಳ್ಳುತ್ತೇನೆ. ಕೆಲವು ದಿನ ಒಪ್ಪಿಕೊಳ್ಳುತ್ತೇನೆ.

ಈಗ ದಾವಣಗೆರೆಯ ಮನೆಯಲ್ಲಿ ಉಪ್ಪಿನ ಗಡಿಗೆ ಅಟ್ಟದಿಂದ ಇಳಿದಿದೆ. ರತ್ನಕ್ಕ ಭಾನುವಾರ ರೊಟ್ಟಿ ತರುತ್ತಾರೆ. ಅಡುಗೆ ಮುಗಿದ ಮೇಲೆ ನಾನು ಮೊದಲು ಕೂರುತ್ತೇನೆ. ಬಡಿಸುವವರಿಲ್ಲ. ನಾನೇ ಬಡಿಸಿಕೊಂಡು ಉಣ್ಣುತ್ತೇನೆ.